ಕೆರೆಯಂಗಳದ ಟಿಟವಿ

ಬೇಸಿಗೆ ಬಂದರೆ ಕೆರೆಯೇ ನಮಗೆ ಹೊಲವಾಗುತ್ತಿದ್ದ ದಿನಗಳವು. ಗಡಹಿಂಗ್ಲಜ ಕಡೆಯ ನಮ್ಮೂರಲ್ಲಿ ನಮಗೆ ಸ್ವಂತ ನೆಲವಿರಲಿಲ್ಲ. ನೀರು ಹಿಂದೆ ಸರಿದಂತೆ ಬಯಲಾದ ಹಸಿ ಮಣ್ಣಿನಲ್ಲಿ ಅಪ್ಪ ಕಲ್ಲಂಗಡಿ ಹಾಕುತ್ತಿದ್ದ. ಕಾವಲಿಗೆ ನಾನು, ಅಕ್ಕ. ಶಾಲೆಯ ಪಾಠ ತಲೆಗೆ ಹತ್ತದಿದ್ದರೂ ಹಕ್ಕಿಗಳ ಠಿಕಾಣಿ ನನಗೆ ಬಾಯಿಪಾಠ: ಕಬ್ಬಿಗೆ ನೀರು ಬಿಟ್ಟಲ್ಲಿ ಬೆಳ್ಳಕ್ಕಿ, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗ, ಜೊಂಡಿನಲ್ಲಿ ನೀರುಕೋಳಿ.

ಆ ವರ್ಷ ನಮ್ಮ ಬಳ್ಳಿಗಳ ನಡುವೆ, ನೀರಿಗೆ ಭಾಳ ಹತ್ತಿರ, ಒಂದು ಟಿಟವಿ, ಅಂದರೆ ಟಿಟ್ಟಿಭ ಹಕ್ಕಿ, ಬರೀ ನೆಲದ ಮೇಲೆ ಮೊಟ್ಟೆಯಿಟ್ಟಿತು. ಹತ್ತಿರ ಹೋದರೆ ಚೀರುತ್ತ ತಲೆಯ ಮೇಲೇ ಎರಗುತ್ತಿತ್ತು. ಟಿಟವಿ ತಗ್ಗಿನಲ್ಲಿ ಮೊಟ್ಟೆಯಿಟ್ಟರೆ ಮಳೆ ತಡ ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪ ಅದನ್ನೇ ನಂಬಿ, ಕಾಯಿ ಇನ್ನಷ್ಟು ಹಣ್ಣಾಗಲೆಂದು ಬಳ್ಳಿಗೇ ಬಿಟ್ಟ.

ಮಳೆ ತಡ ಮಾಡಲಿಲ್ಲ. ಒಂದು ಮಧ್ಯಾಹ್ನ ಗುಡುಗಿ ಸುರಿಯಿತು. ಮರುದಿನ ಹಳ್ಳದ ಕೆಂಪು ನೀರು ಬಳ್ಳಿಯೊಳಗೆ ನುಗ್ಗತೊಡಗಿತು. ಅವ್ವ, ಅಕ್ಕ, ನಾನು ಬುಟ್ಟಿಯಲ್ಲಿ ಹಣ್ಣು ಹೊರುತ್ತಿದ್ದರೆ ಅಪ್ಪ ಸಲಿಕೆ ಹಿಡಿದು ಮೊಟ್ಟೆಗಳ ಸುತ್ತ ಒಡ್ಡು ಹಾಕುತ್ತಿದ್ದ.

ಏರಿಯ ಮೇಲೆ ನಿಂತಿದ್ದ ಕಬ್ಬಿನ ಹೊಲದ ಪಾಟೀಲರು ನಕ್ಕರು. "ಏ ಬಸಪ್ಪಾ, ಹಣ್ಣು ತೇಲಿ ಹೊಂಟಾವ, ನೀ ಹಕ್ಕಿಗೆ ವಾಡೆ ಕಟ್ಟಾಕತ್ತಿ ಏನೋ? ಮಳಿ ತಡ ಅಂದಿತ್ತಲ್ಲ ನಿನ್ನ ಜ್ಯೋತಿಷಿ!"

"ಅದು ಏನೂ ಹೇಳಿರ್ಲಿಲ್ರೀ ಪಾಟೀಲರ, ನಾವ ಅನಕೊಂಡಿದ್ವಿ," ಎಂದ ಅಪ್ಪ, ತಲೆಯೆತ್ತದೆ. "ಅದಕ್ಕೂ ನಮ್ಮಂಗ ಹೊಲ ಇಲ್ಲ. ಕೆರಿ ಬಿಟ್ಟ ನೆಲದಾಗ ಸಂಸಾರ ಹೂಡೇತಿ."

ಅವ್ವ ಬುಟ್ಟಿ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. "ಸುತ್ತ ಗ್ವಾಡಿ ಕಟ್ಟಿದ್ರ ಮರಿ ಹೊರಗ ಹೆಂಗ ಬರ್ತಾವ? ಹಾದಿ ಬ್ಯಾಡೇನು?" ಎಂದವಳೇ ಸೆರಗು ಸಿಕ್ಕಿಸಿ, ಕೆಸರು ಬಾಚಿ, ಒಡ್ಡನ್ನು ಪಕ್ಕದ ದಿನ್ನೆಯವರೆಗೆ ಎಳೆದಳು. ಸುತ್ತ ಒಡೆದ ಹಣ್ಣಿನ ಸಿಹಿ ವಾಸನೆ.

ಮರುದಿನ ಮುಂಜಾನೆ ಮೊಟ್ಟೆಗಳು ಒಡೆದಿದ್ದವು. ಮೈ ಒಣಗಿದ್ದೇ ತಡ, ಮರಿಗಳು ಆ ಮಣ್ಣಿನ ಹಾದಿ ಹಿಡಿದು ತಾಯಿಯ ಹಿಂದೆ ದಿನ್ನೆಗೆ ಓಡಿದವು. ನಮ್ಮ ಅರ್ಧ ಹಣ್ಣು ಹೋಯಿತು. ಮಧ್ಯಾಹ್ನಕ್ಕೆ ಒಡ್ಡೂ ಹೋಯಿತು. ಅಪ್ಪ ಒಡೆದದ್ದೊಂದು ಹಣ್ಣು ಹಂಚಿ, ನಗುತ್ತ ತಿಂದ.

ಮುಂದೆ ಆರನೇ ಇಯತ್ತೆಗೆ ಶಾಲೆ ಬಿಟ್ಟು ಕಬನೂರಿನಲ್ಲಿ ಮಗ್ಗದ ಕೆಲಸಕ್ಕೆ ನಿಂತೆ. ಇವತ್ತು ಮಗ್ಗಗಳೂ ನನ್ನವು, ಅವುಗಳ ಕೆಳಗಿನ ನೆಲವೂ ನನ್ನದು, ದುಡಿದು ಮಾಡಿದ್ದು. ಬಿಡುವಾದಾಗ ದುರ್ಬೀನು ಹಿಡಿದು ಊರ ಕೆರೆಗೆ ಹೋಗುತ್ತೇನೆ. ಈಗದು ಬೇಸಿಗೆಯಲ್ಲೂ ತುಂಬಿರುತ್ತದೆ, ಸುತ್ತ ಕಲ್ಲಿನ ಕಟ್ಟೆ. ನೀರಹಕ್ಕಿಗಳು ಬೇಕಾದಷ್ಟು. ಟಿಟವಿಯೂ ಒಮ್ಮೊಮ್ಮೆ ಬರುತ್ತದೆ. ಕಲ್ಲಿನ ಮೇಲೆ ಇಳಿದು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ನಡೆಯುತ್ತದೆ. ಮೊಟ್ಟೆಯಿಟ್ಟು ಕಾವು ಕೊಡಲು ಮಣ್ಣು ಸಿಗದೆ ಹಾರಿ ಹೋಗುತ್ತದೆ.