ಸಾಹೇಬರ ಆರ್, ನಮ್ಮ ಆರು

ಫಟಫಟಿ ಮೋಟಾರ್ ಸೈಕಲ್ ಏರಿ ಬಂದ ಆ ಇಬ್ಬರು ಸಾಹೇಬರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ರಬಕವಿಯಲ್ಲಿ ಉಂಡರು, ರಬಕವಿಯಲ್ಲಿ ಮಲಗಿದರು, ರಬಕವಿಯ ಹೊಳೆಯಲ್ಲಿ ಮಿಂದರು. ಫೋಟೋ ಮಾತ್ರ ಪಕ್ಕದ ಬನಹಟ್ಟಿಯದು ತೆಗೆದರು. ಬನಹಟ್ಟಿಯ ಸಂಸ್ಥಾನ ಬೇರೆ, ನಮ್ಮ ಸಂಸ್ಥಾನ ಬೇರೆ, ನಿಜ. ಆದರೆ ಅಲ್ಲಿಯ ಹುಂಜ ಕೂಗಿದರೆ ನಮಗೆ ಎಚ್ಚರವಾಗುತ್ತದೆ, ಅಷ್ಟು ಹತ್ತಿರ. ಆ ಹುಂಜಕ್ಕೂ ಒಂದು ಫೋಟೋ ಸಿಕ್ಕಿತು. ನಮ್ಮಪ್ಪನ ಸೀರೆಗೆ ಸಿಗಲಿಲ್ಲ.

ನನಗಾಗ ಹದಿನೆಂಟು. ನೇಯುವ ಕೆಲಸದಲ್ಲಿ ಸೊನ್ನೆ. ಮಂದಿಯ ಅಣಕ ಮಾಡುವುದರಲ್ಲಿ ಮಾತ್ರ ಊರಿಗೆ ಒಬ್ಬ. ಸೀರೆ ಕೊಳ್ಳಲು ಬರುವ ಸಾವುಕಾರನ ಏದುಸಿರು, ಮಗ್ಗದ ಕುಣಿಯಿಂದ ಏಳುವಾಗ ಅಪ್ಪ ನರಳುವ ರೀತಿ, ಕಡ್ಡಿಗೆ ಧೋತರ ಸುತ್ತಿದಂತಿದ್ದ ನನ್ನದೇ ನಡಿಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಸಾಹೇಬರು ಬಂದ ಎರಡೇ ದಿನಕ್ಕೆ ಅವರ ಇಂಗ್ಲಿಷನ್ನೂ ಹಿಡಿದೆ. ಅರ್ಥವೊಂದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಅಪ್ಪನ ಮಗ್ಗದ ಮೇಲೆ ಆಗ ಒಂದು ಸೀರೆ ಮುಗಿಯುತ್ತ ಬಂದಿತ್ತು. ಕೆಂಪು ಸೆರಗಿನ ಉದ್ದಕ್ಕೂ ಬಿಳಿ ಹರಗೋಲುಗಳ ಸಾಲು. ಅದು ಅಪ್ಪ ಹೊಳೆದಂಡೆಯಲ್ಲಿ ಕೂತು ತಾನೇ ಯೋಚಿಸಿ ತೆಗೆದ ಚಿತ್ರ.

"ಸೀರಿ ಸೋಲಾಪುರಕ್ಕ ಹೋತಂದ್ರ ಯಾರ ನೇದದ್ದು ಅಂತ ಯಾರ ಕೇಳತಾರಲೇ?" ಎಂದ ಅಪ್ಪ. "ಮಗ್ಗದ ಮ್ಯಾಲ ಇದ್ದಾಗ ಒಂದ ಫೋಟೋ ಆಗಲಿ. ನಾನೂ ಬಾಜೂಕ ಕೂಡ್ರತೇನಿ. ಹೋಗಿ ಅವರನ್ನ ಕರಕೊಂಬಾ."

ಹೋದೆ. ಕ್ಯಾಮೆರಾ ಹಿಡಿದಿದ್ದ ಉದ್ದನೆಯ ಸಾಹೇಬ ನಕ್ಕು, ತಲೆಯಾಡಿಸಿ, ಏನೇನೋ ಹೇಳಿದ. ನನ್ನ ಕೈಗೆ ಸಿಕ್ಕ ಮಾತು ಎರಡೇ: ರಬಕವಿ, ಆರ್.

"ಯಪ್ಪಾ, ಆರ ದಿನ ಬಿಟ್ಟು ಬರತಾರಂತ," ಎಂದೆ, ಸಾಹೇಬನ ಮೂಗಿನ ದನಿಯಲ್ಲೇ.

"ಖರೆ ಅಂದನೇನು?"

"ಅವನ ಬಾಯಾಗಿಂದ ಬಂದದ್ದ ಹೇಳಾಕತ್ತೇನಿ."

ಮೂರನೆಯ ದಿನಕ್ಕೆ ಸೆರಗು ಮುಗಿಯಿತು. ಅಪ್ಪ ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸಲಿಲ್ಲ. ಮಗ್ಗ ನಿಲ್ಲಿಸಿ ಕೂತ. ಸಾವುಕಾರ ದಿನಾ ಬಂದು ಏದುಸಿರು ಬಿಟ್ಟು ಹೋದ. ಆರನೆಯ ದಿನ ಅಪ್ಪ ಕ್ಷೌರ ಮಾಡಿಸಿಕೊಂಡು, ಮದುವೆಗೆಂದು ಇಟ್ಟಿದ್ದ ರುಮಾಲು ಸುತ್ತಿ, ಬೆಳಗಿನಿಂದ ಮಗ್ಗದ ಮುಂದೆ ಕಾದ. ಯಾರೂ ಬರಲಿಲ್ಲ. ಸಂಜೆ ನಾನು ಬನಹಟ್ಟಿಗೆ ಓಡಿ ಅಲ್ಲಿಯ ಸಾಲೆಯ ಮಾಸ್ತರರನ್ನು ಕೇಳಿದೆ.

"ಅವರು ಬೀಳಗಿಗೆ ಹೋದ್ರಲೋ ತಮ್ಮಾ," ಎಂದರು ಮಾಸ್ತರರು. "ಇಂಗ್ಲಿಷ್ ಅಕ್ಷರದ ಸಾಲು ಹಿಡಕೊಂಡ ಊರೂರ ತಿರಗಾಕತ್ತಾರ. ಬಿ ಅಂದ್ರ ಬನಹಟ್ಟಿ, ಬೀಳಗಿ. ಆಮ್ಯಾಲ ಜಮಖಂಡಿ, ಮುಧೋಳ. ಆಮ್ಯಾಲ ಆರ್, ನಿಮ್ಮೂರು."

"ಆರ ದಿನ ಆತಲ್ರೀ ಮಾಸ್ತರ?"

"ಆರು ಅಲ್ಲೋ ಹುಚ್ಚಪ್ಯಾಲಿ! ಆರ್! ಅಕ್ಷರ!"

ಅಕ್ಷರವಂತೆ! ಊರುಗಳೇನು ಸಾಲೆಯ ಹುಡುಗರೇ, ಹಾಜರಿ ಕೂಗಿದಾಗ ಎದ್ದು ನಿಲ್ಲಲು? ಮೂಗಿನ ಮುಂದಿನ ಮಗ್ಗ ಬಿಟ್ಟು, ಪೆಟ್ರೋಲು ಸುಟ್ಟು ಬೀಳಗಿಗೆ ಹೋಗಿ, ಜಮಖಂಡಿಗೆ ಬಂದು, ಮುಧೋಳಕ್ಕೆ ತಿರುಗಿ, ಮತ್ತೆ ನಮ್ಮ ಹೊಳೆದಂಡೆಗೆ! ನಮ್ಮೂರ ಎತ್ತು ಕೂಡ ಹೀಗೆ ನಡೆಯದು. ದಾರಿಯುದ್ದಕ್ಕೂ ಫಟಫಟಿಯಂತೆ ಸದ್ದು ಮಾಡುತ್ತ, ಹಿಂದೆ ಮುಂದೆ ಓಡಿ ಆ ಜಾಣತನವನ್ನು ಮಂದಿಗೆ ತೋರಿಸಿದೆ. ನಕ್ಕರು. ಮನೆಯಲ್ಲಿ ಯಾರೂ ನಗಲಿಲ್ಲ. ಸಾಹೇಬ ಹೇಳಿದ್ದು ಅಕ್ಷರ; ದಿನ ಸೇರಿಸಿದ್ದು ನನ್ನ ಬಾಯಿ. ಮರುದಿನ ಸಾವುಕಾರ ಸೀರೆ ಒಯ್ದ.

ತಿಂಗಳ ಮೇಲೆ ಆರ್ ಬಂತು. ಫಟಫಟಿಗಳು ನಮ್ಮ ಬಾಗಿಲಲ್ಲೇ ನಿಂತವು. ಅಪ್ಪ ಅದೇ ಹರಗೋಲಿನ ಇನ್ನೊಂದು ಸೀರೆ ಹೂಡಿದ್ದ, ಆದರೆ ಮಗ್ಗದ ಮೇಲೆ ಇದ್ದದ್ದು ಸೆರಗು ಇನ್ನೂ ಬಾರದ ಬರಿಯ ಒಡಲು. ಸಾಹೇಬ ಅಪ್ಪನಿಗೆ ಕೂರಲು ಕೈಸನ್ನೆ ಮಾಡಿದ.

"ಹೇಳಲೇ ಅವಗ," ಎಂದ ಅಪ್ಪ. "ಸೆರಗು ಕಡೀಕ ಬರತೈತಿ. ಎಂಟ ದಿನ ಕೂತಗೋ ಅನ್ನು. ನೇಯೂದಕ್ಕೂ ಹಿಂದ ಮುಂದ ಅಂತ ಒಂದು ಸಾಲು ಐತಿ."

"ಸೆರಗು ಲಾಸ್ಟ್, ಸಾರ್! ಏಟ್ ಡೇಸ್ ಸಿಟ್!"

ಸಾಹೇಬ ಗಡಿಯಾರ ನೋಡಿಕೊಂಡ. "ನೋ, ನೋ. ಎಸ್. ಸಾವಳಗಿ."

"ಏನಂತಾನ?"

"ಮುಂದಿನ ಅಕ್ಷರ ಬಂತಂತ, ಯಪ್ಪಾ. ಸಾವಳಗಿಗೆ ಹೊಂಟಾರ."

"ಹಂಗಾರ ಒಡಲೂ ಬ್ಯಾಡ." ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಮಗ್ಗದ ಮೇಲೆ ಹೊದಿಸಿಬಿಟ್ಟ.

ಸಾಹೇಬರಿಗೆ ರಬಕವಿಯದೆಂದು ಏನಾದರೂ ಒಂದು ಬೇಕಿತ್ತು. ಬಾಗಿಲಲ್ಲಿ ಹಲ್ಲು ಕಿರಿದು ಅವರದೇ ಅಣಕ ಮಾಡುತ್ತಿದ್ದ ನನ್ನ ಫೋಟೋ ತೆಗೆದುಕೊಂಡು ಹೋದರು. ಇಡೀ ನೇಕಾರರ ಊರಿಗೆ ಗುರುತು, ಒಂದು ಎಳೆಯನ್ನೂ ನೇಯದವನ ಹಲ್ಲು!

ಎಂಟನೆಯ ದಿನ ಸೆರಗು ಮುಗಿಯಿತು. ಸಾವುಕಾರ ಬರುವ ಮೊದಲೇ ನಾನು ಒಲೆಯಿಂದ ಇದ್ದಿಲು ತಂದು, ಸೆರಗು ನೋಡಿಕೊಂಡು, ಪಡಸಾಲೆಯ ಗೋಡೆಯ ಮೇಲೆ ಹರಗೋಲಿನ ಚಿತ್ರ ತೆಗೆಯತೊಡಗಿದೆ. ಅಪ್ಪ ಬಂದು ಹಿಂದೆ ನಿಂತ.

"ಹರಗೋಲ ಅಂತಾರೇನಲೇ ಇದಕ್ಕ? ಹರದ ರೊಟ್ಟಿ ಆಗೇತಿ. ತಾ ಇಲ್ಲೆ."

ಇದ್ದಿಲು ಕಸಿದುಕೊಂಡು, ಎಳೆ ಎಣಿಸುವವನಂತೆ ತುಟಿಯಲ್ಲೇ ಎಣಿಸುತ್ತ, ಇಡೀ ಸಾಲನ್ನು ತಾನೇ ತೆಗೆದ. ಆಮೇಲೆ ಇದ್ದಿಲು ನನ್ನ ಕೈಗೆ ಕೊಟ್ಟ. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ.

"ಕೆಳಗ ರಬಕವಿ ಅಂತ ಬರಿ. ದೊಡ್ಡದ ಮಾಡಿ ಬರಿ."

ಬರೆದೆ. ಅವನು ಹೇಳದಿದ್ದರೂ ಪಕ್ಕದಲ್ಲಿ ಅವನ ಹೆಸರನ್ನೂ ಬರೆದೆ. ಸಿಟ್ಟಿನ ರಭಸಕ್ಕೆ ಇದ್ದಿಲು ಎರಡು ಸಲ ಮುರಿಯಿತು.