ನಮ್ಮ ಕೂಸು ಅತ್ತ ದಿನ

ನಮ್ಮ ಕೂಸು ಅತ್ತಿತು! ಹಾಲು ಬೇಕೆಂದು ಬಾಯಿ ತೆರೆದು, ಕಾಲು ಝಾಡಿಸಿ ಅತ್ತಿತು. ಎಷ್ಟೋ ವರ್ಷಗಳ ಹಿಂದಿನ ಮಾತು, ಆದರೂ ಬರೆಯಲು ಕೂತರೆ ಮೊದಲು ಕೈಗೆ ಬಂದದ್ದು ಇದೇ. ಎರಡನೇ ಜಮಾತಿಗೆ ಶಾಲೆ ಬಿಟ್ಟವನು ನಾನು. ಹಿಂದಿನದು ಮುಂದಾದರೆ ಓದುವವರೇ ಹೊಂದಿಸಿಕೊಳ್ಳಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ರಾಯಚೂರಿನಲ್ಲಿ ತಂದೆತಾಯಿ ಇಲ್ಲದ ಮಕ್ಕಳ ಮನೆಯೊಂದನ್ನು ನನ್ನ ಮಗಳು ನೋಡಿಕೊಳ್ಳುತ್ತಿದ್ದಳು. ನಮ್ಮೂರು ಮಸರಕಲ್ಲಿನ ಕುರಿಗಳನ್ನು ಮಗನ ಕೈಗೆ ಬಿಟ್ಟು ನಾವು ಗಂಡ ಹೆಂಡತಿ ಅವಳ ಜೊತೆಗೇ ಬಂದು ಇದ್ದೆವು. ಹೆಂಡತಿಯದು ಅಡುಗೆ, ನನ್ನದು ಗೇಟು ಕಾಯುವುದು, ಗಿಡಕ್ಕೆ ನೀರು ಹಾಕುವುದು. ಅಲ್ಲಿನ ಮಕ್ಕಳಿಗೆಲ್ಲ ನಾವು ಅಜ್ಜ, ಅಜ್ಜಿ.

ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಕೂಸು ಅಲ್ಲಿನ ದವಾಖಾನೆಯಲ್ಲಿದೆ ಎಂದು ಸುದ್ದಿ ಬಂತು. ಮಗಳ ಜೊತೆ ನಾನೂ ಹೋದೆ. ಹೆಣ್ಣು ಕೂಸು. ಆರು ತಿಂಗಳದ್ದಿರಬಹುದು ಎಂದರು. ಎತ್ತಿಕೊಂಡರೆ ಆಗಷ್ಟೇ ಹುಟ್ಟಿದ ಕುರಿಮರಿಗಿಂತ ಹಗುರ. ತೊಡೆಯ ಚರ್ಮ ಮಡಿಕೆಯಾಗಿ ಜೋತುಬಿದ್ದಿತ್ತು, ಮುಖ ಮುದುಕಿಯದು. ಮಗಳ ಹಳೆ ಸೀರೆಯಲ್ಲಿ ಸುತ್ತಿ, ನನ್ನ ಕಂಬಳಿಯೊಳಗೆ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಒಂದು ಸದ್ದಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಎಷ್ಟು ಶಾಣೇ ಕೂಸು, ಅಳುವುದೇ ಇಲ್ಲವಲ್ಲ ಎಂದು ಹೊಗಳಿದಳು. ನನ್ನ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ರಾಯಚೂರಿನ ಡಾಕ್ಟರು ನೋಡಿ, ಅಳುವುದಕ್ಕೂ ಇದರಲ್ಲಿ ಶಕ್ತಿ ಉಳಿದಿಲ್ಲ ಎಂದರು. ಬೆಚ್ಚಗಿಡಿ, ಸ್ವಲ್ಪಸ್ವಲ್ಪವೇ ಹಾಲು ಹಾಕುತ್ತಿರಿ, ಹಸಿವಾಗಿ ತಾನೇ ಅತ್ತರೆ ಬಂದು ಹೇಳಿ, ಅಲ್ಲಿಯ ತನಕ ಉಳಿಯುತ್ತದೆ ಅಂತ ನಾನು ಹೇಳಲಾರೆ ಅಂದರು.

ಅಂದಿನಿಂದ ಮಗಳು ಕೂಸಿನ ಬದಿ ಬಿಟ್ಟು ಏಳಲಿಲ್ಲ. ಚಮಚದಲ್ಲಿ ಹಾಲು ಹಾಕುವಳು, ಅರ್ಧ ಕಟವಾಯಿಗುಂಟ ಹೊರಗೆ ಬರುವುದು, ಒರೆಸಿ ಮತ್ತೆ ಹಾಕುವಳು. ನಮ್ಮ ಜೊತೆ ಊಟಕ್ಕೆ ಕೂಡಲಿಲ್ಲ. ಅವಳ ತಾಟು ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿತ್ತು. ಯಾರೂ ಹೇಳದೆಯೇ ಮಕ್ಕಳೆಲ್ಲ ಪಿಸುಮಾತಿಗೆ ಇಳಿದರು. ಹೆಂಡತಿ ತೊಟ್ಟಿಲು ತೊಳೆದು ಒಣಗಿಸಿ ಗೋಡೆಗೆ ಆನಿಸಿ ಇಟ್ಟಳು, ಕಟ್ಟಲಿಲ್ಲ.

ಒಂದು ಮಧ್ಯಾಹ್ನ ಗೇಟಿನ ಹತ್ತಿರದ ಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಎಲ್ಲೋ ಕೂಸು ಅಳುವುದು ಕೇಳಿತು. ಯಾರೋ ತಾಯಿ ಕೂಸನ್ನು ಎತ್ತಿಕೊಂಡು ಹೊರಟಿರಬೇಕು ಎಂದು ರಸ್ತೆಯ ಕಡೆ ನೋಡಿದೆ. ಅಷ್ಟರಲ್ಲಿ ಮಾನ್ವಿ ಕಡೆಯ ಪುಟ್ಟ ಹುಡುಗಿಯೊಬ್ಬಳು ಅಂಗಳದಿಂದ ಓಡಿಬಂದಳು.

"ಅಜ್ಜಾ, ಯಾರೋ ಇನ್ನೊಂದು ಕೂಸು ಬಿಟ್ಟು ಹೋಗ್ಯಾರ ನೋಡು."

ಇಬ್ಬರೂ ಗೇಟು ತೆಗೆದೆವು. ಗೋಡೆಯ ಹಿಂದೆ, ಕಲ್ಲಿನ ಮರೆಯಲ್ಲಿ, ಎಲ್ಲ ಕಡೆ ಹುಡುಕಿದೆವು. ಯಾರೂ ಇಲ್ಲ, ಅಳು ಮಾತ್ರ ನಿಲ್ಲಲಿಲ್ಲ. ಹಿಟ್ಟಿನ ಕೈಯಲ್ಲೇ ಹೆಂಡತಿ ಬಾಗಿಲಿಗೆ ಬಂದಳು.

"ಹೊರಗೇನು ಹುಡುಕಾಕತ್ತೀರಿ? ಒಳಗ ಬರ್ರಿ. ನಮ್ಮ ಕೂಸೇ ಅಳಾಕತ್ತದ."

ಅದರ ದನಿ ನಮಗೆ ಹೇಗೆ ಗೊತ್ತಾಗಬೇಕು? ಒಮ್ಮೆಯೂ ಕೇಳಿರಲಿಲ್ಲ. ಒಳಗೆ ಹೋದರೆ ಕೂಸು ಕೆಂಪಗಾಗಿ ಚೀರುತ್ತಿದೆ, ಮಗಳು ಚಮಚ ಹಿಡಿದು ಕೂತಲ್ಲೇ ತಾನೂ ಅಳುತ್ತಿದ್ದಾಳೆ.

"ನೀ ಆಮ್ಯಾಲ ಅಳುವಂತಿ," ಅಂದಳು ನನ್ನ ಹೆಂಡತಿ, "ಮೊದಲ ಅದಕ್ಕ ಹಾಲು ಹಾಕು."

ನಾನು ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು ಡಾಕ್ಟರ ಹತ್ತಿರ ಓಡಿದೆ. ಅವರು ನಕ್ಕು, ಇನ್ನು ಮೇಲೆ ನಿಮಗೆ ನಿದ್ದೆ ಇಲ್ಲ ಎಂದರು. ನಿದ್ದೆ ಯಾರಿಗೆ ಬೇಕಾಗಿತ್ತು! ಬಂದವನೇ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದೆ.

ಸಂಜೆ ಹೆಂಡತಿ ರೊಟ್ಟಿ, ಪುಂಡಿಪಲ್ಯದ ಜೊತೆ ಸಿಹಿಗೆಂದು ಸಜ್ಜಕವನ್ನೂ ಮಾಡಿದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು, ಮಗಳೂ ಕೂತಳು. ಮಕ್ಕಳ ಗದ್ದಲಕ್ಕೆ ಮಿತಿಯೇ ಇರಲಿಲ್ಲ. ಮಗಳು ಇನ್ನೇನು ರೊಟ್ಟಿ ಮುರಿಯಬೇಕು, ತೊಟ್ಟಿಲಲ್ಲಿ ಮತ್ತೆ ಅಳು. ಅವಳು ಎದ್ದು ಕೂಸನ್ನು ತಂದು ತೊಡೆಯ ಮೇಲೆ ಹಾಕಿಕೊಂಡು ಹಾಲು ಹಾಕತೊಡಗಿದಳು. ಹೆಂಡತಿ ಅವಳ ತಾಟನ್ನು ತನ್ನ ಕಡೆ ಎಳೆದುಕೊಂಡಳು. ನಾನು ರೊಟ್ಟಿ ಮುರಿದು ಕೊಟ್ಟೆ, ಅವಳು ಪಲ್ಯ ಹಚ್ಚಿ ಮಗಳ ಬಾಯಿಗಿಟ್ಟಳು. ಕೂಸಿಗೊಂದು ಚಮಚ, ಮಗಳಿಗೊಂದು ತುತ್ತು. ಹಾಗೇ ಎಲ್ಲರ ಊಟ ಮುಗಿಯಿತು.