ಅವ್ವನ ಎಲೆಮದ್ದು, ನನ್ನ ಪಿತ್ತನಾಳದ ಹರಳು

ಮೊದಲು ಹಳದಿಯಾದದ್ದು ಕಣ್ಣು. ಕಂಡದ್ದು ನನಗಲ್ಲ, ನಮ್ಮ ಮನೆಯವರಿಗೆ. "ಏ ಗಂಗಿ, ಕಣ್ಣು ಅರಿಷಿಣ ಆಗ್ಯಾವಲ್ಲ" ಅಂದರು. ನಾನು ನಕ್ಕುಬಿಟ್ಟೆ.

ಊರಿಗೆಲ್ಲ ಕಾಮಣಿ ಮದ್ದು ಕೊಡುವ ನನಗೇ ಕಾಮಣಿ!

ಮದ್ದು ನನ್ನದಲ್ಲ, ಅವ್ವನದು. ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ ಭಾನುವಾರ ಬೆಳಕು ಹರಿಯುವ ಮೊದಲೇ ಜನ ಬಂದು ಕೂತಿರುತ್ತಿದ್ದರು. ಹಿತ್ತಲಲ್ಲಿ ನಾನು ನೆಲನೆಲ್ಲಿ ಅರೆಯುತ್ತಿದ್ದೆ. ಅವ್ವ ಅದನ್ನು ಮಜ್ಜಿಗೆಯಲ್ಲಿ ಕಲಸಿ ಹೊರಗೆ ಒಯ್ದು ಕುಡಿಸುತ್ತಿದ್ದಳು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆ ಹಸಿ ಎಲೆಯ ವಾಸನೆ, ಅವ್ವನ ಒದ್ದೆ ಸೆರಗು, ಕಹಿಗೆ ಮುಖ ಕಿವುಚುವ ಜನ, ಈಗಲೂ ನೆನೆದರೆ ಜೀವ ತಂಪಾಗುತ್ತದೆ. ಅವಳು ತೀರಿಕೊಂಡ ಮೇಲೆ ಸಿರುಗುಪ್ಪದ ಗಂಡನ ಮನೆಯಲ್ಲಿ ನಾನು ಅದನ್ನು ಮುಂದುವರಿಸಿದ್ದೆ. "ಕುರುಗೋಡು ಅವ್ವನ ಮಗಳು" ಅಂತ ಜನ ಹುಡುಕಿಕೊಂಡು ಬಂದರೆ ನನಗೆ ಕೊಂಬು ಮೂಡುತ್ತಿತ್ತು.

ನನ್ನ ಮದ್ದು ನಾನೇ ಕುಡಿದೆ. ಉಪ್ಪು ಬಿಟ್ಟೆ. ಎಣ್ಣೆ ಬಿಟ್ಟೆ. ಬರೀ ಮಜ್ಜಿಗೆ ಅನ್ನ. ಹಳದಿ ಇಳಿಯಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬೆನ್ನಿಗೂ ಹೋಯಿತು. ಮೈಯೆಲ್ಲ ತುರಿಕೆ. ಆಮೇಲೆ ಚಳಿಜ್ವರ, ಕೌದಿ ಮೇಲೆ ಕೌದಿ ಹೊದ್ದರೂ ಹಲ್ಲು ಕಟಕಟ. ಬಳ್ಳಾರಿಗೆ ಹೋಗೋಣ ಎಂದು ಮನೆಯವರು ಗೋಗರೆದರು. ನಾನು ಒಪ್ಪಲಿಲ್ಲ. ಮದ್ದು ಕೊಡುವವಳೇ ದವಾಖಾನೆ ಮೆಟ್ಟಿಲು ಹತ್ತಿದರೆ ಅವ್ವನ ಹೆಸರಿಗೆ ಏನು ಬೆಲೆ? ಸತ್ತರೂ ಸರಿ ಅನ್ನುವ ಹಟ ನನ್ನದು.

ಸುದ್ದಿ ಕೇಳಿ ಕುರುಗೋಡಿನಿಂದ ಅಣ್ಣ ಬಂದ. ನನ್ನ ನಡುಕ ನೋಡಿದ್ದೇ ಬೈಯತೊಡಗಿದ.

"ಚಳಿಜ್ವರ ಐತಿ, ಹೊಟ್ಟಿನೋವು ಐತಿ, ಎಲಿ ಕುಡ್ಯಾಕತ್ತಿಯಲ್ಲ, ಬುದ್ಧಿ ಐತೇನ ನಿನಗ?"

"ಅವ್ವ ಎಲ್ಲಾರ್ಗೂ ಇದನ್ನ ಕೊಡ್ತಿದ್ಲು" ಅಂದೆ.

"ಯಾರು ಹೇಳಿದ್ರು? ನೀ ಹಿತ್ತಲದಾಗ ಅರಕೋತ ಕುಂತಿರತಿದ್ದಿ. ಚಳಿಜ್ವರ ಬಂದು ನಡುಗೋರಿಗೆ ಅಕಿ ಒಂದು ಗುಟುಕು ಕೊಡ್ತಿದ್ದಿಲ್ಲ. ಬಳ್ಳಾರಿ ದೊಡ್ಡ ದವಾಖಾನಿಗೆ ಹೋಗ್ರಿ ಅಂತಿದ್ಲು. ಅವರನ್ನ ಬಸ್ ಹತ್ತಿಸಿ ಬರ್ತಿದ್ದಂವ ನಾನು!"

ಕೈಯಲ್ಲಿದ್ದ ಮದ್ದಿನ ಲೋಟ ಕೆಳಗಿಟ್ಟೆ.

ನಾನು ಕಲಿತದ್ದು ಅರ್ಧ ಮದ್ದು. ಅಷ್ಟು ವರ್ಷ ಹಿತ್ತಲಲ್ಲಿ ಅರೆದವಳಿಗೆ, ಕಟ್ಟೆಯ ಮೇಲೆ ಯಾರು ಕುಡಿದರು, ಯಾರು ಕುಡಿಯದೆ ಎದ್ದುಹೋದರು ಎಂಬುದು ಕಂಡೇ ಇರಲಿಲ್ಲ. ಅವತ್ತೇ ಬಳ್ಳಾರಿ ಬಸ್ ಹತ್ತಿದೆ.

ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಹರಳು, ಅಲ್ಲಿಂದ ಜಾರಿದವು ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ದವು. ಪಿತ್ತ ಕರುಳಿಗೆ ಇಳಿಯದೆ ರಕ್ತ ಸೇರಿ ಮೈ ಹಳದಿ. ಮೇಲೆ ಇನ್‌ಫೆಕ್ಷನ್ ಬೇರೆ. "ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತಮ್ಮ" ಅಂದರು ಡಾಕ್ಟರು. ಮೊದಲು ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಜ್ವರ ಇಳಿದ ಮೇಲೆ ಲ್ಯಾಪರೋಸ್ಕೋಪಿ ಎಂದರು.

"ಹೊಟ್ಟಿ ಕೊಯ್ತೀರೇನ್ರಿ?"

"ಇಲ್ಲಮ್ಮ, ಸಣ್ಣ ಸಣ್ಣ ತೂತು ಅಷ್ಟೇ. ಒಂದರಲ್ಲಿ ಕ್ಯಾಮೆರಾ ಹೋಗುತ್ತೆ. ನಾಳದ ಹರಳು ತೆಗೀತೀವಿ, ಪಿತ್ತಕೋಶನೂ ತೆಗೀತೀವಿ."

ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಹೆದರಿಕೆಗೆ ಅವ್ವಾ ಅವ್ವಾ ಅಂತ ಒಂದೇ ಸಮ ಕರೆದೆನಂತೆ. ನರ್ಸಮ್ಮ ಆಮೇಲೆ ಹೇಳಿ ನಕ್ಕಳು. ಎಚ್ಚರವಾದಾಗ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತದಂತೆ. ಪಕ್ಕೆಯಲ್ಲಿ ಒಳಗಿನ ನೀರು ಹೊರಬರಲು ಹಾಕಿದ ಡ್ರೈನ್ ಪೈಪು, ಹೊಟ್ಟೆಯ ಮೇಲೆ ಚಿಕ್ಕ ಚಿಕ್ಕ ಪಟ್ಟಿ. ಇಷ್ಟಕ್ಕಾ ನಾನು ಅಷ್ಟು ರಂಪ ಮಾಡಿದ್ದು!

ಮನೆಗೆ ಬಂದ ಮೇಲಿನ ಭಾನುವಾರ ನಮ್ಮ ಕಡೆಯ ಕರೂರಿನ ಒಬ್ಬಾಕೆ, ಕಣ್ಣು ಹಳದಿಯಾಗಿದ್ದ ಗಂಡನನ್ನು ಕರೆದುಕೊಂಡು ಬಂದಳು.

"ಮದ್ದು ಬಿಟ್ಟೀನಿ ತಾಯಿ. ಯಾವ ಕಾಮಣಿ ಅಂತ ನನಗ ತಿಳಿಯಂಗಿಲ್ಲ. ಡಾಕ್ಟರಿಗೆ ತೋರಸ್ರಿ" ಅಂದೆ.

"ನಿಮ್ಮವ್ವನ ಹೆಸರು ಕೇಳಿ ಬಂದಿದ್ವಿರಿ" ಅಂದಳು, ಮುಖ ಸಣ್ಣದು ಮಾಡಿಕೊಂಡು. ಚಹಾ ಕುಡಿಸಿ ಕಳಿಸಿದೆ.

ಸುದ್ದಿ ಹಬ್ಬಿತು. ಈಗ ಭಾನುವಾರ ಯಾರೂ ಬರುವುದಿಲ್ಲ. ಕಣ್ಣು ಬೆಳ್ಳಗಾಗಿವೆ, ಊಟ ಸೇರುತ್ತಿದೆ; ಡಾಕ್ಟರಿಗೂ ಅಣ್ಣನಿಗೂ ಕೈಮುಗಿಯುತ್ತೇನೆ. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಜನ ಬರುತ್ತಿದ್ದಷ್ಟು ದಿನ ಅವಳಿಲ್ಲ ಅನ್ನುವುದೇ ನನಗೆ ಗೊತ್ತಾಗಿರಲಿಲ್ಲ.